ಒಂದು ಕ್ಲಿಕ್ಕು, ಮೂರು ಫ್ರೇಮು: ಡೊಂಬಿವಲಿ ಲೈಬ್ರರಿ ಸೈಟಿನ ರಿಪೇರಿ

“ನಾಟಕ ಅಂತ ಒತ್ತಿದ್ರೆ ಎಡಗಡೆ ನಾಟಕದವರ ಹೆಸರು ಬರ್ತದೆ, ಬಲಗಡೆ ಕಾದಂಬರಿಯೇ ಕೂತಿರ್ತದೆ. ಎಂತ ಮಾರಾಯ ಇದು?”

ಶನಿವಾರ ರಾತ್ರಿ ರಾಯರ ಫೋನ್. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಲೈಬ್ರರಿ ನೋಡಿಕೊಳ್ಳುವವರು ಅವರೇ. ಮೂಲ ಕುಂದಾಪುರದ ಕಡೆ. ಮುಂಬಯಿಗೆ ಬಂದು 50 ವರ್ಷ ದಾಟಿದೆ, ಮಾತು ಮಾತ್ರ ಇನ್ನೂ ಊರಿನದೇ. ಲೈಬ್ರರಿಯ ಪುಸ್ತಕಪಟ್ಟಿಗೆ ಒಂದು ವೆಬ್‌ಸೈಟ್ ಇದೆ. 20 ವರ್ಷಕ್ಕೂ ಹಿಂದೆ ಸಂಘದ ಒಬ್ಬ ಹುಡುಗ ಮಾಡಿಕೊಟ್ಟದ್ದು. ಹುಡುಗ ವಿದೇಶಕ್ಕೆ ಹೋದ, ಸೈಟ್ ಇಲ್ಲೇ ಉಳಿಯಿತು.

ಮರುದಿನ ಭಾನುವಾರ. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ಟ್ರೇನು ನಿಲ್ಲಿಸುವುದು), ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಫಡ್ಕೆ ರೋಡ್ ದಾಟಿ ಸಂಘಕ್ಕೆ ನಡೆದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ನಾಲ್ಕು ಭಾನುವಾರ ಹಿಡಿಯಿತು.

ಸೈಟ್ ತೆರೆದು ನೋಡಿದರೆ ಅಪ್ಪಟ ಫ್ರೇಮ್‌ಸೆಟ್. ಈಗಿನ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಒಂದೇ ಕಿಟಕಿಯನ್ನು ಹೋಳು ಮಾಡಿ ಒಂದೊಂದು ಹೋಳಿನಲ್ಲಿ ಒಂದೊಂದು ಬೇರೆ ಪುಟ ಕೂರಿಸುವುದು ಫ್ರೇಮ್‌ಸೆಟ್. 1996ರಲ್ಲಿ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಇದನ್ನು ತಂದಿತು, ಪುಟದೊಳಗೆ ಓಡುವ ಪ್ರೋಗ್ರಾಮ್ ಬರೆಯುವ ಜಾವಾಸ್ಕ್ರಿಪ್ಟ್ ಕೂಡ ಅದರ ಜೊತೆಗೇ ಬಂತು. 1997ರ ಡಿಸೆಂಬರಿನಲ್ಲಿ ವೆಬ್‌ಪುಟ ಬರೆಯುವ ಭಾಷೆ ಎಚ್‌ಟಿಎಮ್‌ಎಲ್ 4.0 ಇದಕ್ಕೆ ಅಧಿಕೃತ ಮುದ್ರೆ ಒತ್ತಿತು. 2014ರ ಎಚ್‌ಟಿಎಮ್‌ಎಲ್ 5ರಲ್ಲಿ ಇದನ್ನು ಬಳಸಬೇಡಿ ಅಂತ ಬದಿಗಿಟ್ಟರು. ಬ್ರೌಸರ್‌ಗಳು ಮಾತ್ರ ಇವತ್ತಿಗೂ ತೋರಿಸುತ್ತವೆ. ಹಳೇ ಜಾವಾ ಕೈಪಿಡಿ ನೋಡಿದವರಿಗೆ ನೆನಪಿರಬಹುದು, ಅದೂ 3 ಫ್ರೇಮಿನದೇ.

ನಮ್ಮ ಸೈಟಿನಲ್ಲೂ 3. ಮೇಲೆ 90 ಪಿಕ್ಸೆಲ್ ಎತ್ತರದ ಪಟ್ಟಿ, ಅದರಲ್ಲಿ 6 ವಿಭಾಗಗಳ ಬಟನ್: ಕಾದಂಬರಿ, ಸಣ್ಣಕಥೆ, ಕವನ, ನಾಟಕ, ಪ್ರವಾಸ, ಮಕ್ಕಳ ಪುಸ್ತಕ. ಎಡಗಡೆ 220 ಪಿಕ್ಸೆಲ್ ಅಗಲಕ್ಕೆ ಆ ವಿಭಾಗದ ಲೇಖಕರ ಹೆಸರು. ಉಳಿದ ಜಾಗದಲ್ಲಿ ಪುಸ್ತಕಗಳು, ಬೀರು ನಂಬರ್ ಸಮೇತ. ಫ್ರೇಮ್‌ಗಳ ಹೆಸರು ಟಾಪ್, ಲಿಸ್ಟ್, ಮೇನ್. ಈ ಟಾಪ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆದದ್ದು ಅದೇ.

ಕಷ್ಟ ಎಲ್ಲಿದೆ ಅಂದರೆ, ಒಂದು ಲಿಂಕಿಗೆ ಒಂದೇ ಟಾರ್ಗೆಟ್, ಅಂದರೆ ಪುಟ ತೆರೆಯಬೇಕಾದ ಫ್ರೇಮಿನ ಹೆಸರು. ಟಾರ್ಗೆಟ್ ಲಿಸ್ಟ್ ಅಂತ ಕೊಟ್ಟರೆ ಎಡಗಡೆ ಮಾತ್ರ ಬದಲಾಗುತ್ತದೆ, ಮೇನ್ ಅಂತ ಕೊಟ್ಟರೆ ಬಲಗಡೆ ಮಾತ್ರ. ಎರಡಕ್ಕೂ ಒಟ್ಟಿಗೆ ಹೇಳುವ ದಾರಿ ಬರೀ ಎಚ್‌ಟಿಎಮ್‌ಎಲ್‌ನಲ್ಲಿ ಇಲ್ಲ. ಆಗಿನವರು ಎರಡು ಉಪಾಯ ಮಾಡುತ್ತಿದ್ದರು. ಒಂದು, ಎರಡೂ ಫ್ರೇಮನ್ನು ಒಳಗೆ ಇನ್ನೊಂದು ಫ್ರೇಮ್‌ಸೆಟ್ಟಿನಲ್ಲಿ ಕಟ್ಟಿ ಆ ಗಂಟನ್ನೇ ಬದಲಿಸುವುದು. ಇನ್ನೊಂದು, ಆನ್‌ಕ್ಲಿಕ್‌ನಲ್ಲಿ, ಅಂದರೆ ಲಿಂಕ್ ಒತ್ತಿದಾಗ ಓಡುವ ಹಾಗೆ, ಜಾವಾಸ್ಕ್ರಿಪ್ಟ್. ನಮ್ಮ ಹುಡುಗ ಎರಡನೆಯದನ್ನು ಹಿಡಿದಿದ್ದ. ಲಿಂಕಿನ ಟಾರ್ಗೆಟ್ ಲಿಸ್ಟ್‌ಗೆ, ಜೊತೆಗೆ ಆನ್‌ಕ್ಲಿಕ್‌ನಲ್ಲಿ ಈ ಸಾಲು:

ಪೇರೆಂಟ್.ಮೇನ್.ಡಾಕ್ಯುಮೆಂಟ್.ಲೊಕೇಶನ್ = 'ನಾಟ್_001.ಎಚ್‌ಟಿಎಮ್'

(ಪೇರೆಂಟ್ ಅಂದರೆ ಫ್ರೇಮ್‌ಗಳನ್ನು ಹೊತ್ತ ಹೊರಗಿನ ಪುಟ, ಲೊಕೇಶನ್ ಅಂದರೆ ಪುಟದ ವಿಳಾಸ. ಕೋಡನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಬೇಕು, ಅದು ನಿಮಗೆ ಗೊತ್ತಿರುವ ವಿಷಯವೇ.)

ಇಷ್ಟು ವರ್ಷ ನಡೆದದ್ದು ಈಗ ಯಾಕೆ ನಿಂತಿತು? ರಾಯರನ್ನು ಕೇಳಿದೆ, “ನೀವೇನಾದ್ರೂ ಬದಲಿಸಿದ್ರಾ?” “ನಾನು ಎಂತದೂ ಮುಟ್ಲಿಲ್ಲಪ್ಪ. ಹೋಸ್ಟಿಂಗಿನ ದುಡ್ಡು ಕಟ್ಟುವುದು ಬಿಟ್ಟುಹೋಯ್ತು, ಪೆನ್‌ಡ್ರೈವ್‌ನಲ್ಲಿ ಇದ್ದ ಫೋಲ್ಡರನ್ನೇ ಡೆಸ್ಕ್‌ಟಾಪ್‌ಗೆ ಹಾಕಿ ತೆರೀತಿದ್ದೇನೆ ಅಷ್ಟೆ.”

ಅಷ್ಟೆ! ಅದೇ ಕಾರಣ. ಡಬಲ್ ಕ್ಲಿಕ್ ಮಾಡಿ ಫೋಲ್ಡರಿನಿಂದ ತೆರೆದರೆ ಬ್ರೌಸರ್ ಪ್ರತಿಯೊಂದು ಫೈಲನ್ನೂ ಬೇರೆ ಬೇರೆ ಮನೆಯವರು ಅಂತ ನೋಡುತ್ತದೆ. ಒಂದೇ ಫೋಲ್ಡರಿನಲ್ಲಿದ್ದರೂ ಅಷ್ಟೇ. ಪಕ್ಕದ ಫ್ರೇಮಿನ ಲೊಕೇಶನ್ ಬದಲಿಸಬಹುದು, ಆದರೆ ಅದರ ಡಾಕ್ಯುಮೆಂಟ್ ಮುಟ್ಟಿದರೆ ಬಾಗಿಲು ಹಾಕುತ್ತದೆ. ಬ್ರೌಸರಿನಲ್ಲಿ ಎರರ್ ತೋರಿಸುವ ಕನ್ಸೋಲ್ ತೆರೆದರೆ ಕೆಂಪು ಸಾಲು, ಬೇರೆ ಮೂಲದ ಫ್ರೇಮನ್ನು ಮುಟ್ಟದಂತೆ ತಡೆದಿದ್ದೇನೆ ಅಂತ. ಸ್ಕ್ರಿಪ್ಟ್ ಅಲ್ಲೇ ಸತ್ತಿತು, ಲಿಂಕ್ ತನ್ನ ಪಾಡಿಗೆ ಕೆಲಸ ಮಾಡಿತು. ಅದಕ್ಕೇ ಎಡಗಡೆ ನಾಟಕ, ಬಲಗಡೆ ಕಾದಂಬರಿ.

ಆ ಸಾಲಿನಿಂದ ಡಾಕ್ಯುಮೆಂಟ್ ಅನ್ನೋ ಪದ ಕಿತ್ತಿದ್ದರೆ ಅವತ್ತೇ ಮನೆಗೆ ಹೋಗಬಹುದಿತ್ತು. ಆದರೆ ಹೋಸ್ಟಿಂಗ್ ಹೇಗೂ ಮತ್ತೆ ಶುರು ಮಾಡುವುದಿತ್ತು, ನನಗೂ ಕೈ ತುರಿಸುತ್ತಿತ್ತು. ಸರ್ವರ್ ಮೂಲಕ ಬಂದರೆ ಎಲ್ಲ ಪುಟಗಳೂ ಒಂದೇ ಮನೆಯವರು. ನನ್ನ ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಒಳಗೆ ನಿಂತು ಪೈಥಾನಿನ ಎಚ್‌ಟಿಟಿಪಿ ಸರ್ವರ್ ಓಡಿಸಿದೆ, ಲೋಕಲ್‌ಹೋಸ್ಟ್ 8000ರಲ್ಲಿ ಸೈಟ್ ಎದ್ದಿತು, ಎರಡೂ ಫ್ರೇಮ್ ಒಟ್ಟಿಗೆ ಬದಲಾದವು. ರಾಯರು ಕಟಿಂಗ್ ಚಹಾ ತರಿಸಿದರು.

ಚಹಾ ಕುಡಿಯುತ್ತಾ ಅವರು ಒಂದು ಮಾತು ಹೇಳಿದರು. “ಮೇಲೆ ಯಾವ ವಿಭಾಗದಲ್ಲಿ ಇದ್ದೇವೆ ಅಂತ ಕಾಣುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಬಟನ್ ಬಣ್ಣ ಬದಲಾದ್ರೂ ಸಾಕು.”

ಸರಿ, ಮೂರನೆಯ ಫ್ರೇಮ್. ಪ್ರತಿ ವಿಭಾಗಕ್ಕೂ ಒಂದು ತಲೆಪಟ್ಟಿ ಪುಟ ಮಾಡಿ, ಪೇರೆಂಟ್.ಟಾಪ್.ಲೊಕೇಶನ್‌ಗೆ ಆ ಪುಟ ಕೊಟ್ಟೆ. ಒತ್ತಿದೆ. ಲಿಸ್ಟೂ ಹೋಯ್ತು, ಮೇನೂ ಹೋಯ್ತು, ಇಡೀ ಕಿಟಕಿಯಲ್ಲಿ ಬರೀ ತಲೆಪಟ್ಟಿ! ಕೆಳಗೆಲ್ಲ ಬಿಳಿ. ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮುಕ್ಕಾಲು ಗಂಟೆ ಹಿಡಿಯಿತು. ಕಡೆಗೆ ತಲೆಗೆ ಹೊಳೆಯಿತು: ಜಾವಾಸ್ಕ್ರಿಪ್ಟಿನಲ್ಲಿ ಟಾಪ್ ಅಂದರೆ ಎಲ್ಲಕ್ಕಿಂತ ಹೊರಗಿನ ಕಿಟಕಿ. ಅದು ಬ್ರೌಸರಿನದೇ ಹೆಸರು, ನಾವು ಫ್ರೇಮಿಗೆ ಆ ಹೆಸರಿಟ್ಟರೂ ಅದು ಬಿಟ್ಟುಕೊಡುವುದಿಲ್ಲ. ಲಿಂಕಿನ ಟಾರ್ಗೆಟ್‌ನಲ್ಲಿ ಟಾಪ್ ಅಂತ ಬರೆದರೆ ನಮ್ಮ ಫ್ರೇಮ್ ಸಿಗುತ್ತದೆ (ಹೊರಗಿನ ಕಿಟಕಿ ಬೇಕಿದ್ದರೆ ಮುಂದೆ ಅಂಡರ್‌ಸ್ಕೋರ್ ಹಾಕಬೇಕು), ಸ್ಕ್ರಿಪ್ಟಿನಲ್ಲಿ ಅದೇ ಪದ ಬರೆದರೆ ಇಡೀ ಕಿಟಕಿ ಸಿಗುತ್ತದೆ. ಹುಡುಗ ಮೇಲಿನ ಫ್ರೇಮನ್ನು ಸ್ಕ್ರಿಪ್ಟಿನಿಂದ ಯಾವತ್ತೂ ಮುಟ್ಟಿರಲಿಲ್ಲ, ಆದ್ದರಿಂದ ಅವನಿಗೆ ಇದು ಗೊತ್ತಾಗಲೇ ಇಲ್ಲ. ಫ್ರೇಮಿನ ಹೆಸರನ್ನು ‘ತಲೆ’ ಅಂತ ಬದಲಿಸಿದೆ. ಮುಗಿಯಿತು. ಪೇರೆಂಟ್, ಸೆಲ್ಫ್, ಟಾಪ್ ಈ ಮೂರು ಹೆಸರನ್ನು ಫ್ರೇಮಿಗೆ ಇಡಬೇಡಿ, ಸುಮ್ನೆ ಒಂದು ಭಾನುವಾರ ಹಾಳು.

ಎರಡನೇ ಭಾನುವಾರ ಬ್ಯಾಕ್ ಬಟನ್ನಿನ ಗಲಾಟೆ. ಮೂರು ಫ್ರೇಮಿಗೂ ಹೊಸ ಲೊಕೇಶನ್ ಕೊಟ್ಟರೆ ಬ್ರೌಸರಿನ ಹಿಸ್ಟರಿಯಲ್ಲಿ ಮೂರು ಹೆಜ್ಜೆ ಬೀಳುತ್ತವೆ. ಸಂಘದ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7, ಅದಕ್ಕೆ ಸಿಗುವ ಕೊನೆಯ ಫೈರ್‌ಫಾಕ್ಸ್ 115. ಅದರಲ್ಲಿ ನಾಟಕದಿಂದ ವಾಪಸ್ ಬರಲು ಒಮ್ಮೆ ಬ್ಯಾಕ್ ಒತ್ತಿದರೆ ಮೇಲಿನ ಬಣ್ಣ ಮಾತ್ರ ಹಿಂದೆ ಹೋಯಿತು, ಇನ್ನೊಮ್ಮೆ ಒತ್ತಿದರೆ ಪುಸ್ತಕ, ಮತ್ತೊಮ್ಮೆ ಒತ್ತಿದರೆ ಹೆಸರು. ನಡುವೆ ಎಲ್ಲಿ ನಿಂತರೂ ಪುಟ ಸುಳ್ಳು ಹೇಳುತ್ತದೆ. ರಾಯರ ಮೊದಲ ದೂರು ಮತ್ತೆ ಹುಟ್ಟಿತು, ಈ ಸಲ ನನ್ನ ಕೈಯಿಂದ.

ಇದಕ್ಕೆ ಲೊಕೇಶನ್.ರಿಪ್ಲೇಸ್ ಇದೆ. ಅದು ಹಿಸ್ಟರಿಯಲ್ಲಿ ಹೊಸ ಹೆಜ್ಜೆ ಇಡದೆ ಇದ್ದ ಪುಟದ ಜಾಗದಲ್ಲೇ ಹೊಸದನ್ನು ಕೂರಿಸುತ್ತದೆ. ತಲೆಗೂ ಲಿಸ್ಟ್‌ಗೂ ರಿಪ್ಲೇಸ್, ಮೇನ್‌ಗೆ ಮಾತ್ರ ಮಾಮೂಲಿ. ಹಿಸ್ಟರಿಯಲ್ಲಿ ಈಗ ಒಂದೇ ಹೆಜ್ಜೆ, ಖುಷಿಯಾಯಿತು. ಬ್ಯಾಕ್ ಒತ್ತಿದೆ. ಬಲಗಡೆ ಕಾದಂಬರಿಗೆ ವಾಪಸ್ ಬಂತು, ಎಡಗಡೆ ನಾಟಕದವರು ಕದಲಲೇ ಇಲ್ಲ. ಖುಷಿ ಹೋಯಿತು.

ಇದೇ ಹೊತ್ತಿಗೆ ನನಗೆ ಜಾಣತನ ತೋರಿಸುವ ಹುಕಿ ಬಂತು. ಬ್ರಾಡ್‌ಕಾಸ್ಟ್‌ಚಾನೆಲ್ ಅಂತ ಒಂದಿದೆ, ಒಬ್ಬರು ಕೂಗಿದರೆ ಅದೇ ಸೈಟಿನ ಎಲ್ಲ ಪುಟಗಳಿಗೂ ಕೇಳುತ್ತದೆ. ಪ್ರತಿ ಫ್ರೇಮೂ ಕಿವಿಗೊಟ್ಟು ಕೂರಲಿ, ‘ನಾಟಕ’ ಅಂತ ಕೂಗಿದ ಕೂಡಲೇ ಎಲ್ಲರೂ ಬದಲಾಗಲಿ ಅಂತ ನನ್ನ ಲೆಕ್ಕ. ಹತ್ತೇ ಸಾಲು, ನೋಡಲು ಬಹಳ ಚಂದ. ರಾಯರಿಗೆ ಎರಡು ಟ್ಯಾಬ್ ತೆರೆದಿಡುವ ಅಭ್ಯಾಸ, ಒಂದರಲ್ಲಿ ಓದುಗರು ಕೇಳಿದ ಪುಸ್ತಕ ಹುಡುಕುತ್ತಾರೆ, ಇನ್ನೊಂದರಲ್ಲಿ ತಮ್ಮದೇ ಕೆಲಸ. ಒಂದು ಟ್ಯಾಬಿನಲ್ಲಿ ಕವನ ಒತ್ತಿದರು, ಆಚೆ ಟ್ಯಾಬಿನಲ್ಲಿ ಅವರು ಅರ್ಧ ಓದಿದ್ದ ಪ್ರವಾಸದ ಪಟ್ಟಿಯೂ ಕವನ ಆಗಿಹೋಯಿತು. ಕೂಗು ಟ್ಯಾಬಿನ ಗೋಡೆ ದಾಟುತ್ತದೆ ಅಂತ ನಾನು ಮರೆತೇಬಿಟ್ಟಿದ್ದೆ. “ಭೂತ ಹೊಕ್ಕಿದೆ ಇದಕ್ಕೆ” ಅಂದರು. ಆ ಹತ್ತು ಸಾಲನ್ನು ಅಳಿಸಿದೆ.

ದಾರಿ ಹೊಳೆದದ್ದು ಲೋಕಲ್ ಟ್ರೇನಿನಲ್ಲಿ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಫೋನಿನಲ್ಲಿ ಸೈಟ್ ನೋಡುತ್ತಿದ್ದೆ, ಹೋಸ್ಟಿಂಗ್ ಅಷ್ಟರಲ್ಲಿ ಮತ್ತೆ ಶುರುವಾಗಿತ್ತು. ಬಾಗಿಲ ಹತ್ತಿರ ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಫೋನ್. ಮುಂಬ್ರಾ ಹತ್ತಿರ ನೆಟ್‌ವರ್ಕ್ ಕೈಕೊಟ್ಟಿತು. ನಾನು ಒತ್ತಿದ್ದು ಮಕ್ಕಳ ಪುಸ್ತಕ. ಮೇಲೆ ಬಣ್ಣ ಬದಲಾಯಿತು, ಎಡಗಡೆ ಹೆಸರು ಬಂತು, ಬಲಗಡೆ ಪುಟ ಬರಲೇ ಇಲ್ಲ. ಠಾಣೆ ಬರುವವರೆಗೂ ಅದನ್ನೇ ನೋಡುತ್ತಾ ನಿಂತೆ. ಬಾರದೇ ಇರುವ ಪುಟಕ್ಕೆ ಇವೆರಡು ಫ್ರೇಮ್ ಮೊದಲೇ ಹಾರ ಹಾಕಿ ನಿಂತಿದ್ದವು.

ತಪ್ಪು ನಾನು ಆಜ್ಞೆ ಕೊಡುವ ಜಾಗದಲ್ಲಿತ್ತು. ಕ್ಲಿಕ್ ಮಾಡಿದ ಕಡೆಯಿಂದ ಮೂವರಿಗೂ ಆಜ್ಞೆ ಹೋಗುತ್ತಿತ್ತು. ಮೂವರೂ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ, ಒಬ್ಬ ಬಾರದೆಯೂ ಇರಬಹುದು, ಬ್ಯಾಕ್ ಒತ್ತಿದಾಗಲಂತೂ ಆಜ್ಞೆ ಕೊಡುವವರೇ ಇಲ್ಲ. ಅದರ ಬದಲು ಕ್ಲಿಕ್ ಒಂದೇ ಫ್ರೇಮನ್ನು ಬದಲಿಸಲಿ, ಮೇನ್ ಅನ್ನು. ಅಲ್ಲಿಗೆ ಬಂದು ತಲುಪಿದ ಪುಟವೇ ‘ನಾನು ನಾಟಕದ ಪುಟ, ಬಂದೆ’ ಅಂತ ಹೇಳಲಿ. ಅದನ್ನು ಕೇಳಿ ಉಳಿದವರು ಹೊಂದಿಕೊಳ್ಳಲಿ. ಆಗ ಬಟನ್ ಒತ್ತಿ ಬಂದರೂ, ಬ್ಯಾಕ್ ಒತ್ತಿ ಬಂದರೂ, ಲೇಖಕರ ಹೆಸರು ಒತ್ತಿ ಬಂದರೂ ಬಾಗಿಲು ಒಂದೇ.

ಮೂರನೇ ಭಾನುವಾರ ಇದನ್ನು ಕಟ್ಟಿದೆ. ಹೊರಗಿನ ಪುಟದಲ್ಲಿ ಒಂದು ಫಂಕ್ಷನ್, ಹೆಸರು ‘ಪುಟಬಂತು’. ಒಳಗಿನ ಪ್ರತಿ ಪುಸ್ತಕಪುಟದಲ್ಲೂ ಪೇಜ್‌ಶೋ (ಪುಟ ಕಾಣಿಸಿತು ಅನ್ನುವ ಬ್ರೌಸರಿನ ಸೂಚನೆ) ಆದಾಗ ಪೇರೆಂಟ್.ಪುಟಬಂತು('ನಾಟ್') ಅಂತ ಒಂದು ಕರೆ. ಲೋಡ್ ಬದಲು ಪೇಜ್‌ಶೋ ಹಿಡಿದದ್ದಕ್ಕೆ ಕಾರಣ ಇದೆ, ಬ್ರೌಸರ್ ಪುಟವನ್ನು ನೆನಪಿನಿಂದ ಹಾಗೇ ಎತ್ತಿ ತಂದರೆ ಲೋಡ್ ಮತ್ತೆ ಏಳುವುದಿಲ್ಲ, ಪೇಜ್‌ಶೋ ಏಳುತ್ತದೆ. ಅಕ್ಕಪಕ್ಕದ ಫ್ರೇಮ್‌ಗಳು ಒಂದಕ್ಕೊಂದು ಮಾತಾಡುವುದನ್ನು ಪೂರ್ತಿ ನಿಲ್ಲಿಸಿದೆ. ಏನಿದ್ದರೂ ಮನೆಯ ಹಿರಿಯರ, ಅಂದರೆ ಹೊರಗಿನ ಪುಟದ ಮೂಲಕ. ಹೊರಗಿನ ಪುಟದ ಹೆಡ್‌ನಲ್ಲಿರುವ ಸ್ಕ್ರಿಪ್ಟ್ ಮಕ್ಕಳಿಗಿಂತ ಮೊದಲೇ ಓಡಿರುತ್ತದೆ, ಆದ್ದರಿಂದ ಕರೆದಾಗ ‘ಇಂಥ ಫಂಕ್ಷನ್ ಇಲ್ಲ’ ಅನ್ನುವ ಎರರ್ ಬರುವ ಪ್ರಶ್ನೆಯೇ ಇಲ್ಲ.

ಎಡಗಡೆಯ ಪಟ್ಟಿಯ ವಿಷಯದಲ್ಲಿ ಇನ್ನೊಂದು ಸಂಗತಿ ಕಂಡಿತು. 6 ವಿಭಾಗದ ಹೆಸರಿನ ಪಟ್ಟಿಗಳನ್ನು ಕೂಡಿಸಿದರೆ ಒಟ್ಟು 9 ಕೆಬಿ ಕೂಡ ಇಲ್ಲ. ಇದಕ್ಕೆ ಪ್ರತಿ ಸಲ ಹೊಸ ಪುಟ ತರಿಸುವುದು ಯಾಕೆ? ಆರನ್ನೂ ಒಂದೇ ಪುಟದಲ್ಲಿ ಹಾಕಿ, ಬೇಕಾದ್ದನ್ನು ತೋರಿಸಿ ಉಳಿದದ್ದನ್ನು ಅಡಗಿಸಿದೆ. ತಲೆಪಟ್ಟಿಗೂ ಹಾಗೇ, ಬಟನ್ನಿನ ಕ್ಲಾಸ್ ಬದಲಿಸಿದರೆ ಬಣ್ಣ ಬಂತು. ಈಗ ನಿಜವಾಗಿ ಲೋಡ್ ಆಗುವುದು ಒಂದೇ ಫ್ರೇಮ್, ಮಿಕ್ಕ ಎರಡು ಕೂತಲ್ಲೇ ಬಟ್ಟೆ ಬದಲಿಸುತ್ತವೆ. ಮೊದಲು ಬರುತ್ತಿದ್ದ ಬಿಳಿ ಮಿಂಚೂ ಹೋಯಿತು. ಮೂರು ಫ್ರೇಮ್ ಒಟ್ಟಿಗೆ ಬದಲಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡವನು ಕೊನೆಗೆ ಎರಡನ್ನು ಲೋಡ್ ಮಾಡುವುದನ್ನೇ ಬಿಟ್ಟೆ.

ಒಂದು ಪೇಚು ಉಳಿದಿತ್ತು. ಸೈಟ್ ಮೊದಲ ಸಲ ತೆರೆದಾಗ ಯಾವ ಫ್ರೇಮ್ ಮೊದಲು ಬರುತ್ತದೆ ಹೇಳಲಾಗದು. ಮೇನ್ ಮೊದಲು ಬಂದು ‘ಪುಟಬಂತು’ ಕರೆದಾಗ ಲಿಸ್ಟ್ ಇನ್ನೂ ದಾರಿಯಲ್ಲಿದ್ದರೆ? ಐದು ಸಲದಲ್ಲಿ ಒಂದು ಸಲ ಎಡಗಡೆ ಖಾಲಿ ಬರುತ್ತಿತ್ತು. ಟೈಮರ್ ಹಾಕಿ ಅರ್ಧ ಸೆಕೆಂಡ್ ಕಾಯಿಸುವ ಆಸೆ ಬಂತು, ಅಂಥ ಟೈಮರ್‌ಗಳನ್ನು ಆಫೀಸಿನಲ್ಲಿ ಎಷ್ಟೋ ಕಿತ್ತಿದ್ದೇನೆ, ಮತ್ತೆ ನಾನೇ ನೆಡಬಾರದು ಅಲ್ವಾ. ಹೊರಗಿನ ಪುಟದಲ್ಲಿ ‘ಈಗಿನವಿಭಾಗ’ ಅಂತ ಒಂದು ವೇರಿಯಬಲ್ ಇಟ್ಟೆ. ‘ಪುಟಬಂತು’ ಮೊದಲು ಅದರಲ್ಲಿ ಬರೆದಿಡುತ್ತದೆ, ಆಮೇಲೆ ಲಿಸ್ಟ್ ಸಿದ್ಧವಿದ್ದರೆ ಹೇಳುತ್ತದೆ. ಲಿಸ್ಟ್ ತಾನು ಬಂದಾಗ ಹಿರಿಯರನ್ನು ಕೇಳಿಕೊಳ್ಳುತ್ತದೆ, ಈಗ ಯಾವ ವಿಭಾಗ ಅಂತ. ಯಾರು ಮೊದಲು ಬಂದರೂ ಸರಿ.

ಮೊತ್ತ 380 ಪುಸ್ತಕಪುಟ. ಕೈಯಲ್ಲಿ ಸಾಲು ಸೇರಿಸುವ ಮಾತೇ ಇಲ್ಲ. ಫೈಲಿನ ಹೆಸರಿನ ಮೊದಲ ಭಾಗದಲ್ಲೇ ವಿಭಾಗ ಇತ್ತು, ನಾಟ್_012 ಅಂದರೆ ನಾಟಕ. ಹುಡುಗನಿಗೆ ದೊಡ್ಡ ನಮಸ್ಕಾರ. ಕರೆ ಮಾಡುವ ಕೋಡನ್ನು ಒಂದು ಪ್ರತ್ಯೇಕ ಜೆಎಸ್ ಫೈಲಿನಲ್ಲಿಟ್ಟು, ಪ್ರತಿ ಪುಟದಲ್ಲೂ ಬಾಡಿ ಮುಗಿಯುವ ಮುಂಚೆ ಅದನ್ನು ಸೇರಿಸುವ ಸಾಲು ಹಾಕಲು ಒಂದು ಪೈಥಾನ್ ತುಣುಕು ಬರೆದೆ. ಮೊದಲನೇ ಫೈಲಿನಲ್ಲೇ ಯೂನಿಕೋಡ್ ಡಿಕೋಡ್ ಎರರ್. ಪುಟಗಳೆಲ್ಲ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹಳೇ ಕಾಲದವು, ಯೂನಿಕೋಡಿನ ಯುಟಿಎಫ್-8 ಅಂತ ಓದಿದರೆ ಹೇಗೆ ಒಪ್ಪುತ್ತವೆ? ಬೈಟಿಗೊಂದು ಅಕ್ಷರ ಅಂತ ಲೆಕ್ಕ ಹಿಡಿಯುವ ಲ್ಯಾಟಿನ್-1 ಅಂತ ಓದಿ ಲ್ಯಾಟಿನ್-1 ಅಂತಲೇ ಬರೆದೆ. ಹಾಗೆ ಮಾಡಿದರೆ ಬೈಟಿಗೆ ಬೈಟು ಹಾಗೇ ಉಳಿಯುತ್ತದೆ, ಅಕ್ಷರ ಕೆಡುವುದಿಲ್ಲ. ನುಡಿಯಿಂದ ಯೂನಿಕೋಡಿಗೆ ತರುವುದು ಬೇರೆಯೇ ರಾಮಾಯಣ, ಅದನ್ನು ಈಗ ಎತ್ತುವುದಿಲ್ಲ.

ಓಡಿಸಿದ ಮೇಲೆ ಎಣಿಸಿದರೆ 319ರಲ್ಲಿ ಮಾತ್ರ ಸಾಲು ಸೇರಿತ್ತು. ಉಳಿದ 61 ಪುಟಗಳಲ್ಲಿ ಬಾಡಿ ಟ್ಯಾಗ್ ದೊಡ್ಡಕ್ಷರದಲ್ಲಿತ್ತು, ನಾನು ಹುಡುಕಿದ್ದು ಸಣ್ಣಕ್ಷರ. ಬ್ರೌಸರಿಗೆ ಎರಡೂ ಒಂದೇ, ಪೈಥಾನಿಗೆ ಅಲ್ಲ. ಬ್ಯಾಕಪ್ ಇಟ್ಟಿದ್ದೆ, ಮೂಲದಿಂದ ಮತ್ತೆ ಓಡಿಸಿದೆ. ಎಣಿಸದೇ ಹೋಗಿದ್ದರೆ ಆ 61 ಪುಟಗಳಿಂದ ಎಷ್ಟು ದಿನ ಬೈಸಿಕೊಳ್ಳುತ್ತಿದ್ದೆನೋ.

ನಾಲ್ಕನೇ ಭಾನುವಾರ ಫ್ರೇಮ್‌ಸೆಟ್ಟನ್ನೇ ತೆಗೆದೆ. ಫೋನಿನಲ್ಲಿ ಅದನ್ನು ನೋಡುವುದು ಶಿಕ್ಷೆ, ಪರದೆಯ ಅರ್ಧಕ್ಕಿಂತ ಜಾಸ್ತಿ ಹೆಸರಿನ ಪಟ್ಟಿಗೇ ಹೋಗುತ್ತಿತ್ತು. ಹೊರಗಿನ ಪುಟದಲ್ಲಿ 3 ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ಕೂರಿಸುವ ಚೌಕಟ್ಟು) ಇಟ್ಟು, ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನ ಗ್ರಿಡ್‌ನಿಂದ ಜೋಡಿಸಿದೆ. ಐಫ್ರೇಮಿಗೆ ಅದೇ ಹೆಸರು ಕೊಟ್ಟರೆ ಹಳೇ ಲಿಂಕುಗಳ ಟಾರ್ಗೆಟ್ ಹಾಗೇ ನಡೆಯುತ್ತದೆ, ಒಳಗಿನ 380 ಪುಟಗಳಿಗೆ ಹೊರಗೆ ಗೋಡೆ ಬದಲಾದದ್ದು ತಿಳಿಯಲೇ ಇಲ್ಲ. ಪರದೆ 600 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಹೆಸರಿನ ಪಟ್ಟಿ ಮೇಲಕ್ಕೆ ಬರುತ್ತದೆ, ಪುಸ್ತಕ ಕೆಳಗೆ. ಎತ್ತರಕ್ಕೆ ಮೊದಲು 100ವಿಎಚ್ (ಪರದೆಯ ಪೂರ್ತಿ ಎತ್ತರ) ಹಾಕಿದ್ದೆ, ಫೋನಿನ ಅಡ್ರೆಸ್ ಪಟ್ಟಿ ಕೆಳಗಿನ ಎರಡು ಸಾಲು ನುಂಗುತ್ತಿತ್ತು. 100ಡಿವಿಎಚ್ (ಆ ಪಟ್ಟಿ ಬಿಟ್ಟು ನಿಜವಾಗಿ ಕಾಣುವ ಎತ್ತರ) ಹಾಕಿದ ಮೇಲೆ ಸರಿಹೋಯಿತು. ಸಂಘದ ಹಳೇ ಫೈರ್‌ಫಾಕ್ಸ್‌ಗೂ ಅದು ಅರ್ಥವಾಗುತ್ತದೆ.

ಇನ್ನೊಂದು ಸಣ್ಣದು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪುಸ್ತಕಪುಟದ ಲಿಂಕ್ ಹಾಕಿದರು. ಒತ್ತಿದರೆ ಪುಟ ಒಂಟಿಯಾಗಿ ಬಂತು, ಮೇಲೂ ಇಲ್ಲ, ಎಡವೂ ಇಲ್ಲ. ಅದೇ ಜೆಎಸ್ ಫೈಲಿನಲ್ಲಿ ಒಂದು ತಪಾಸಣೆ ಸೇರಿಸಿದೆ: ಸೆಲ್ಫ್ ಮತ್ತು ಟಾಪ್ ಎರಡೂ ಒಂದೇ ಆಗಿದ್ದರೆ ನಾನು ಮನೆ ಬಿಟ್ಟು ಹೊರಗಿದ್ದೇನೆ ಅಂತ ಅರ್ಥ, ಮುಖಪುಟಕ್ಕೆ ಹೋಗಿ ನನ್ನ ಹೆಸರು ಹೇಳಿ ಒಳಗೆ ಕೂರಬೇಕು. ಮುಖಪುಟ ಆ ಹೆಸರನ್ನು ಓದಿ ಮೇನ್ ಫ್ರೇಮಿಗೆ ಕೊಡುತ್ತದೆ. ಇಲ್ಲಿ ಹುಷಾರಾಗಿರಬೇಕು. ಅಡ್ರೆಸ್‌ನಲ್ಲಿ ಬಂದದ್ದನ್ನು ಕಣ್ಣುಮುಚ್ಚಿ ಫ್ರೇಮಿಗೆ ಕೊಟ್ಟರೆ ಯಾರು ಬೇಕಾದರೂ ನಮ್ಮ ಸಂಘದ ತಲೆಪಟ್ಟಿಯ ಕೆಳಗೆ ತಮ್ಮ ಅಂಗಡಿ ತೆರೆಯಬಹುದು. ಮೂರು ಅಕ್ಷರ, ಅಂಡರ್‌ಸ್ಕೋರ್, ಮೂರು ಅಂಕಿ, ಎಚ್‌ಟಿಎಮ್, ಈ ಅಚ್ಚಿಗೆ ಕೂರದ ಹೆಸರು ಬಂದರೆ ಕಾದಂಬರಿ ಪುಟಕ್ಕೆ ಕಳಿಸುತ್ತೇನೆ.

ರಾಯರು ಪರೀಕ್ಷೆ ಮಾಡಿದರು. ನಾಟಕ, ಕವನ, ಬ್ಯಾಕ್, ಬ್ಯಾಕ್, ಮತ್ತೆ ಪ್ರವಾಸ. ಬೇಕಂತಲೇ ಬೇಗ ಬೇಗ ಒತ್ತಿದರು. ಎರಡು ಟ್ಯಾಬ್ ತೆರೆದು ಭೂತ ಇದೆಯಾ ಅಂತಲೂ ನೋಡಿದರು. ಮೂರೂ ಫ್ರೇಮ್ ಒಂದೇ ಮಾತು ಆಡಿದವು.

“ಅಡ್ಡಿಲ್ಲ” ಅಂದರು. ಕುಂದಾಪುರದವರ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟ್. ಮರುಕ್ಷಣ, “ಈಗ ಮಕ್ಕಳ ಪುಸ್ತಕದ ಪಟ್ಟಿ ಪ್ರಿಂಟ್ ತೆಗೆದು ಬೋರ್ಡಿಗೆ ಹಾಕ್ಬೇಕಲ್ಲ ಮಾರಾಯ, ಪ್ರಿಂಟ್ ಕೊಟ್ರೆ ಮೂರೂ ಒಟ್ಟಿಗೆ ಬಂದು ಅರ್ಧಕ್ಕೆ ತುಂಡಾಗ್ತದೆ.”

ತಲೆಪಟ್ಟಿಯ ಬಲತುದಿಗೆ ಒಂದು ಪ್ರಿಂಟ್ ಬಟನ್ ಹಾಕಿದೆ, ಅದು ಕರೆಯುವುದು ಪೇರೆಂಟ್.ಮೇನ್.ಪ್ರಿಂಟ್ ಅಂತ, ಆ ಒಂದು ಫ್ರೇಮನ್ನು ಮಾತ್ರ. ನಾಲ್ಕು ಹಾಳೆ ಬಂತು. ರಾಯರು ಗೋಂದು ಹುಡುಕಲು ಒಳಗೆ ಹೋದರು.